ರೆಕ್ಕೆ ಬುಡದ 'ಟಕ್' ಸದ್ದು: ನಟ್ ಬಿಗಿಯುವ ಮೊದಲು

ನಟ್ ಎಷ್ಟು ಬಿಗಿದರೂ ನಿಮ್ಮ ವಿಮಾನದ ರೆಕ್ಕೆ ಅಲುಗಿಸಿದಾಗ ಬುಡದಲ್ಲಿ 'ಟಕ್' ಅನ್ನುತ್ತಿದೆ ಅಂದಿರಿ. ಪೀಟನ್‌ಪಾಲ್‌ನಂಥ ಪುಟ್ಟ ವಿಮಾನದ ಮರದ ಸ್ಪಾರ್‌ನಲ್ಲಿ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆ) ಇದು ಹೆಚ್ಚಾಗಿ ಮರ ಒಣಗಿ ಕುಗ್ಗಿದ್ದರಿಂದ. ಸ್ಪಾರ್‌ಗೆ ಬೋಲ್ಟ್ ಮಾಡಿದ ಉಕ್ಕಿನ ಫಿಟಿಂಗ್‌ನ (ಜೋಡಣೆ ಪಟ್ಟಿ) ಹಿಡಿತ ತಪ್ಪಿ, ಹೊರೆಯೆಲ್ಲ ಬೋಲ್ಟ್ ಮೇಲೆ ಬಿದ್ದು, ತೂತು ಉದ್ದುದ್ದ ಆಗಿರುತ್ತದೆ. ಇನ್ನಷ್ಟು ಬಿಗಿಯಬೇಡಿ, ಸ್ಪಾರ್‌ನ ಮೆದು ಸ್ಪ್ರೂಸ್ ಮರ ಜಜ್ಜಿಹೋಗುತ್ತದೆ.

ಸದ್ದು ರೆಕ್ಕೆ ಜೋಡಿಸುವ ಪಿನ್‌ನದ್ದೂ ಇರಬಹುದು, ದೂರದಿಂದ ಹೇಳಲಾಗದು. ಒಬ್ಬರು ರೆಕ್ಕೆ ತುದಿ ಅಲುಗಿಸಲಿ, ನೀವು ಫಿಟಿಂಗ್ ಮರಕ್ಕೆ ಕೂಡುವ ಗೆರೆಯ ಮೇಲೆ ಉಗುರಿಟ್ಟು ನೋಡಿ. ಉಗುರಿಗೆ ಅಲುಗಾಟ ತಾಗಿದರೆ ಮರದ ತೂತೇ ಸಡಿಲ. ತಾಗದಿದ್ದರೆ ಪಿನ್, ಅಷ್ಟರಮಟ್ಟಿಗೆ ನಿಮ್ಮ ಅದೃಷ್ಟ.

ಮರದ್ದೇ ಆದರೆ ರೆಕ್ಕೆಗೆ ಗಟ್ಟಿ ಆಸರೆ ಕೊಟ್ಟು ಒಂದೊಂದೇ ಬೋಲ್ಟ್ ಬಿಚ್ಚಿ. ತುಕ್ಕು, ಸವೆದು ಹೊಳೆಯುವ ಪಟ್ಟಿ ಕಂಡರೆ ಆ ಬೋಲ್ಟ್ ಎಸೆಯಿರಿ. ಬೋಲ್ಟ್‌ನ ಥ್ರೆಡ್ (ತಿರುಪಿನ ಗೀರು) ಫಿಟಿಂಗ್‌ನ ದಪ್ಪದೊಳಗೇ ಕೂತಿದ್ದರೆ ಉದ್ದವೇ ತಪ್ಪು. ಅಲ್ಲಿ ನುಣುಪು ಭಾಗವಿರಬೇಕು. ತೂತಿನೊಳಗೆ ಟಾರ್ಚ್ ಬಿಡಿ: ಕಪ್ಪು ಕಲೆ ಅಂದರೆ ನೀರು ಇಳಿದಿದೆ, ದಬ್ಬಳದಿಂದ ಮೆಲ್ಲಗೆ ಚುಚ್ಚಿ ಕೊಳೆತಿದೆಯೇ ನೋಡಿ.

ಫಿಟಿಂಗ್‌ನ ಬಣ್ಣ ತೆಗೆದು ತೂತು, ಬಾಗು, ವೆಲ್ಡ್ ಸುತ್ತ ಡೈ ಪೆನೆಟ್ರೆಂಟ್ (ಬಿರುಕು ತೋರಿಸುವ ಬಣ್ಣದ ದ್ರವ) ಹಾಕಿ. ಬಿರುಕು ಕಂಡರೆ ಹೊಸದು ಮಾಡಿ, ವೆಲ್ಡ್ ಹಚ್ಚಬೇಡಿ.

ಉದ್ದವಾದ ತೂತಿಗೆ ಎಪಾಕ್ಸಿ ಅಂಟು ತುಂಬುವುದು, ಕಾಲಿಂಚಿನ ಬೋಲ್ಟ್ ಜಾಗದಲ್ಲಿ ದಪ್ಪನೆಯ 5/16 ಇಂಚಿನದು ತೂರಿಸುವುದು, ಎರಡೂ ಬೇಡ. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಯ ರಿಪೇರಿ ಮಾರ್ಗದರ್ಶಿ ಎಸಿ 43.13-1ಬಿ ಪ್ರಕಾರ, ಬೇರೆ ಅನುಮೋದಿತ ವಿಧಾನ ಇಲ್ಲದಿದ್ದರೆ ಸ್ಪಾರ್‌ಗೆ ಹೊಸ ತುಂಡು ಸ್ಪ್ಲೈಸ್ ಮಾಡಬೇಕು (ಕೂಡಿಸಬೇಕು), ಇಲ್ಲವೇ ಸ್ಪಾರ್ ಬದಲಿಸಬೇಕು. ಅಲ್ಲಿಯವರೆಗೆ ವಿಮಾನ ಹ್ಯಾಂಗರ್‌ನಲ್ಲೇ ಇರಲಿ.