ಬೆಳಗಾವ್ಯಾಗ ಮೀಡಿಯೇಟರ್ ಇಲ್ಲಾ ಆರ್ಬಿಟ್ರೇಟರ್ ಆದ್ರ ತಿಂಗಳಿಗೆ ಪಗಾರ ಎಷ್ಟು? ಏನು ಓದಿರಬೇಕು?

ಪಗಾರ ಅನ್ನೂ ಶಬ್ದ ಮೊದಲ ತಲ್ಯಾಗಿಂದ ತಗದು ಬಿಡ್ರಿ. ಎಲ್‌ಎಲ್‌ಬಿ ಈಗ ಮುಗೀತು, ಕೋರ್ಟಿನ್ಯಾಗ ನಿಂತು ವಾದ ಮಾಡೂದು ನನಗ ಒಗ್ಗಂಗಿಲ್ಲ, ಸೀದಾ ಈ ಲೈನಿಗೆ ಬರ್ತೀನಿ ಅಂತ ಬರದೀರಿ. ಗೂಗಲ್ ಮಾಡಿದ್ರ ಅಮೆರಿಕಾದ ಲೆಕ್ಕ ಬರ್ತಾವು, ವರ್ಷಕ್ಕ ಇಷ್ಟು ಡಾಲರ್ ಅಂತ, ಅದನ್ನ ನೋಡೇ ಕೇಳಿರಬೇಕು ನೀವು. ಇಲ್ಲೆ ಇದು ನೌಕರಿನ ಅಲ್ಲ ನೋಡ್ರಿ, ಕೇಸಿಗೆ ಇಷ್ಟು ಅಂತ ಬರೂ ರೊಕ್ಕ. ನಾ ಬೆಳಗಾವಿ ಕೋರ್ಟಿನ್ಯಾಗ 18 ವರ್ಷದಿಂದ ಸಿವಿಲ್ ಕೇಸ್ ನಡಸಾಕತ್ತೀನಿ, ಮೀಡಿಯೇಶನ್ ಪ್ಯಾನೆಲ್‌ನ್ಯಾಗೂ ಅದೀನಿ, ಆದ್ರ ಮನಿ ನಡಿಯೂದು ಇವತ್ತಿಗೂ ವಕೀಲಿ ಮ್ಯಾಲನ.

ಮೀಡಿಯೇಟರ್ ಅಂದ್ರ ಇಬ್ಬರ ನಡುವ ರಾಜಿ ಮಾಡಸಾಂವ, ಆರ್ಬಿಟ್ರೇಟರ್ ಅಂದ್ರ ಕೋರ್ಟಿನ ಹೊರಗ ಕುಂತು ತೀರ್ಪು ಕೊಡಾಂವ. ಮೊದಲ ಮೀಡಿಯೇಟರ್ ಸುದ್ದಿ. ಸಿಪಿಸಿ (ಸಿವಿಲ್ ಕೇಸ್ ಹೆಂಗ ನಡಸಬೇಕು ಅನ್ನೂ ಕಾಯ್ದೆ) 89ನೇ ಕಲಂ ಪ್ರಕಾರ ಜಡ್ಜ್ ಸಾಹೇಬ್ರು ಕೇಸನ್ನ ಕೋರ್ಟಿನ ಮಧ್ಯಸ್ಥಿಕಾ ಕೇಂದ್ರಕ್ಕ ಕಳಸ್ತಾರ, ಅಲ್ಲಿ ಪ್ಯಾನೆಲ್‌ನ್ಯಾಗ ಇದ್ದವ್ರು ಕುಂತು ರಾಜಿ ಮಾಡಸ್ತಾರ. ಪಕ್ಷಗಾರ್ರು ನಮಗೇನೂ ಕೊಡಂಗಿಲ್ಲ, ಗೌರವಧನ ಅಂತ ಬರ್ತೈತಿ, ಕೇಸ್ ಮುಗದ್ರ ಕೆಲವು ಸಾವಿರ, ಮುಗೀಲಿಲ್ಲಂದ್ರ ಅದಕ್ಕಿಂತ ಕಡಿಮಿ. ಪ್ಯಾನೆಲ್‌ಗೆ ಬರಾಕ ಹತ್ತು ಹದಿನೈದು ವರ್ಷದ ವಕೀಲಿ ಕೇಳ್ತಾರ, ಮ್ಯಾಲ ಸುಪ್ರೀಂ ಕೋರ್ಟ್ ಮೀಡಿಯೇಶನ್ ಕಮಿಟಿದು 40 ತಾಸಿನ ಟ್ರೇನಿಂಗ್ ಆಗಿರಬೇಕು. ಆ ಟ್ರೇನಿಂಗ್ ಭಾಳ ಚಲೋ ಇರ್ತೈತಿ, ವಕೀಲ್ರಿಗೆ ಬಾಯಿ ಮುಚ್ಚಿ ಕೇಳೂದು ಕಲಸ್ತಾರ, ನನಗ ಅದ ಭಾಳ ಕಷ್ಟ ಆತು.

ಒಂದು ಉದಾಹರಣಿ ಹೇಳ್ತೀನಿ, ಹೆಸರು ಊರು ಹೇಳಂಗಿಲ್ಲ, ಮೀಡಿಯೇಶನ್‌ನ್ಯಾಗ ಮಾತಾಡಿದ್ದು ಹೊರಗ ಹೋಗಬಾರ್ದು. ಅಣ್ಣ ತಮ್ಮ ಇಬ್ಬರದು ಪಾಲಿನ ದಾವೆ, ಆರು ವರ್ಷ ಹಳೇದು, ಕಾಗದದಾಗ ನೋಡಿದ್ರ ಹೊಲದ ಜಗಳ. ಮೂರನೇ ಸಿಟ್ಟಿಂಗ್‌ದಾಗ ತಿಳೀತು, ಜಗಳ ಹೊಲದ್ದಲ್ಲ, ಬಾವಿ ಪಾಳಿದು. ಯಾರ ಮೋಟರ್ ಯಾವತ್ತು ಚಾಲೂ ಆಗಬೇಕು ಅನ್ನೂದು ಅಷ್ಟ. ವಾರದ ಪಾಳಿ ಬರದು, ಕರೆಂಟ್ ಬಿಲ್ ಅರ್ಧ ಅರ್ಧ ಅಂತ ಹಾಕಿ ಇಬ್ಬರ ಸಹಿ ತಗೊಂಡ್ವಿ, ಹೊರಗ ಹೋಗಿ ಇಬ್ಬರೂ ಕೂಡೇ ಚಾ ಕುಡದ್ರು. ನನಗ ಬಂದ ರೊಕ್ಕ ಆ ತಿಂಗಳ ಪೆಟ್ರೋಲಿಗೆ ಸರಿ ಆತು.

ವ್ಯಾಪಾರದ ಕೇಸಿನ್ಯಾಗ ಸ್ವಲ್ಪ ಬ್ಯಾರೆ. 3 ಲಕ್ಷ ಮತ್ತ ಅದಕ್ಕಿಂತ ಹೆಚ್ಚಿನ ಕಮರ್ಷಿಯಲ್ ತಕರಾರು ಇದ್ರ, ಅರ್ಜೆಂಟ್ ಸ್ಟೇ ಬೇಕಾಗಿಲ್ಲಂದ್ರ, ದಾವೆ ಹಾಕೂ ಮೊದಲ ಮೀಡಿಯೇಶನ್‌ಗೆ ಹೋಗಬೇಕು, ಕಡ್ಡಾಯ ಅಂತ 2022ರಾಗ ಸುಪ್ರೀಂ ಕೋರ್ಟ್ ಹೇಳೈತಿ. ಅದರ ಫೀ ಕ್ಲೇಮ್ ನೋಡಿ 15 ಸಾವಿರದಿಂದ 75 ಸಾವಿರದ ತನಕ, ಎರಡೂ ಕಡಿಯವ್ರು ಅರ್ಧ ಅರ್ಧ ಕಾನೂನು ಸೇವಾ ಪ್ರಾಧಿಕಾರಕ್ಕ ತುಂಬಬೇಕು. ಓದಾಕ ಚಂದ, ಖರೇ ಏನಾಗ್ತೈತಿ ಅಂದ್ರ ನೋಟಿಸ್ ಹೋದ್ರೂ ಎದುರಿನ ಪಾರ್ಟಿ ಬರೂದ ಇಲ್ಲ, ನಾನ್ ಸ್ಟಾರ್ಟರ್, ಅಂದ್ರ ಮೀಡಿಯೇಶನ್ ಸುರುನ ಆಗಲಿಲ್ಲ, ಅಂತ ರಿಪೋರ್ಟ್ ಬರದು ಕೈ ತೊಳಕೊಳ್ಳೂದು.

ರೊಕ್ಕ ಇರೂದು ಆರ್ಬಿಟ್ರೇಶನ್‌ನ್ಯಾಗ. 1996ರ ಆರ್ಬಿಟ್ರೇಶನ್ ಕಾಯ್ದೆಗೆ ನಾಲ್ಕನೇ ಶೆಡ್ಯೂಲ್ ಅಂತ ಐತಿ, ಅದು ಮಾದರಿ ಫೀ: 5 ಲಕ್ಷದ ತನಕ ಕ್ಲೇಮ್ ಇದ್ರ 45,000, ಕ್ಲೇಮ್ 20 ಲಕ್ಷ ಆದ್ರ 97,500, 1 ಕೋಟಿ ಆದ್ರ 3,37,500, ಒಬ್ಬರ ಆರ್ಬಿಟ್ರೇಟರ್ ಇದ್ರ ಅದರ ಮ್ಯಾಲ 25 ಪರ್ಸೆಂಟ್ ಜಾಸ್ತಿ. ಅಂದ್ರ ಕೋಟಿ ರೂಪಾಯಿ ಕೇಸೊಂದು ಸಿಕ್ಕರ 4 ಲಕ್ಷದ ಮ್ಯಾಲ. ಆದ್ರ ಅದು ವರ್ಷಗಟ್ಲೆ ನಡಿಯೂ ಕೆಲಸ, ಮತ್ತ ಅಂಥಾ ಕೇಸ್ ನಿಮ್ಮ ಮನಿ ಬಾಗಲಿಗೆ ಹೆಂಗ ಬರ್ತೈತಿ ಅನ್ನೂದ ಪ್ರಶ್ನೆ. ಎರಡೂ ಪಾರ್ಟಿ ಒಪ್ಪಿ ನಿಮ್ಮ ಹೆಸರು ಹೇಳಬೇಕು, ಒಪ್ಪಲಿಲ್ಲಂದ್ರ ನಮ್ಮ ಭಾಗಕ್ಕ ಧಾರವಾಡ ಹೈಕೋರ್ಟ್ ಪೀಠ ನೇಮಿಸ್ತೈತಿ, ಅಲ್ಲಿ ಹೆಚ್ಚಾಗಿ ರಿಟೈರ್ಡ್ ಜಡ್ಜ್‌ಗೋಳು, ಸೀನಿಯರ್ ವಕೀಲ್ರ ಹೆಸರ ಬರ್ತಾವು. ಹೊಸಬ್ರನ್ನ ಯಾರು ಕೇಳ್ತಾರ್ರಿ.

ಮಜಾ ಅಂದ್ರ ಕಾನೂನಿನ ಪ್ರಕಾರ ಆರ್ಬಿಟ್ರೇಟರ್‌ಗೆ ಡಿಗ್ರಿನ ಬೇಕಾಗಿಲ್ಲ. 2019ರಾಗ ಎಂಟನೇ ಶೆಡ್ಯೂಲ್ ಹಾಕಿ 10 ವರ್ಷದ ವಕೀಲ್ರು, ಸಿಎಗೋಳು ಅಂತ ಪಟ್ಟಿ ಮಾಡಿದ್ರು, 2021ರಾಗ ತಗದ ಒಗದ್ರು. ಅದಕ್ಕ ಕಾಂಟ್ರ್ಯಾಕ್ಟ್ ಬಿಲ್ಲಿನ ಜಗಳಕ್ಕ ರಿಟೈರ್ಡ್ ಇಂಜಿನಿಯರ್ ಕುಂತ್ರೂ ನಡೀತೈತಿ, ಸಿಮೆಂಟು ಸಳಿ ಲೆಕ್ಕ ಅವರಿಗೆ ನಮಗಿಂತ ಚಲೋ ತಿಳೀತೈತಿ.

ಒಂದು ಕಡೆ ಮಾತ್ರ ಹೊಸಬ್ರಿಗೆ ಲಗೂನ ಕರೆ ಬರ್ತೈತಿ, ಅಲ್ಲೇ ಹುಷಾರ್ ಇರಬೇಕು. ಸಾಲ ಕೊಡೂ ಫೈನಾನ್ಸ್‌ನವ್ರು ತಾವ ಆರ್ಬಿಟ್ರೇಟರ್ ನೇಮಿಸಿ, ಒಂದ ಸಲಕ್ಕ ಗಂಟ ಫೈಲ್ ಕೊಟ್ಟು, ಫೈಲಿಗೆ ಇಷ್ಟು ಅಂತ ಕೊಡ್ತಾರ. ನನಗೂ ಒಬ್ಬರು ಹೇಳಿ ಕಳಸಿದ್ರು, ಅವಾರ್ಡ್ (ಆರ್ಬಿಟ್ರೇಟರ್ ಕೊಡೂ ತೀರ್ಪು) ಮೊದಲ ಟೈಪ್ ಆಗೇ ಬಂದಿತ್ತು, ಸಹಿ ಅಷ್ಟ ಬಾಕಿ. ಹೊಳ್ಳಿ ಕಳಸಿದೆ. ತಕರಾರಿನ್ಯಾಗ ಲಾಭ ಇದ್ದವ್ರು ತಾವ ಒಬ್ಬರ ಆರ್ಬಿಟ್ರೇಟರ್ ನೇಮಿಸಾಕ ಬರಂಗಿಲ್ಲ ಅಂತ ಸುಪ್ರೀಂ ಕೋರ್ಟಿನ 2019ರ ಪರ್ಕಿನ್ಸ್ ತೀರ್ಪೈತಿ, ಸಾಲಗಾರ ಚಾಲೆಂಜ್ ಮಾಡಿದ್ರ ಅವಾರ್ಡ್ ಬೀಳ್ತೈತಿ, ನಿಮ್ಮ ಹೆಸರು ಅದರ ಜೋಡಿನ ಬೀಳ್ತೈತಿ.

ಹಂಗಾರ ಏನ್ ಮಾಡಬೇಕು ಅಂದ್ರ, ಸನದು (ವಕೀಲಿ ಲೈಸೆನ್ಸ್) ತಗೊಂಡು ಚಲೋ ಸಿವಿಲ್ ಸೀನಿಯರ್ ಕೈಯಾಗ ಸೇರ್ರಿ, ಅವರ ಆರ್ಬಿಟ್ರೇಶನ್ ಇದ್ರ ನೋಟ್ಸ್ ಬರ್ಕೊಳ್ಳಾಕ ಹೋಗ್ರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಲೀಗಲ್ ಏಡ್ ಕೆಲಸ ತಗೋರಿ, ಮಂದಿ ಜೋಡಿ ಮಾತಾಡೂದು ಅಲ್ಲೇ ಬರ್ತೈತಿ. ಉದ್ಯಮಬಾಗ ಇಂಡಸ್ಟ್ರಿಯಲ್ ಏರಿಯಾದ ಫೌಂಡ್ರಿಯವ್ರ ಬಾಕಿ ಬಿಲ್ಲಿನ ಗೋಳು ಭಾಳ ಐತಿ, ಎಂಎಸ್‌ಎಂಇ ಕೌನ್ಸಿಲ್‌ಗೆ (ಸಣ್ಣ ಉದ್ದಿಮೆಯವ್ರ ಬಾಕಿ ರೊಕ್ಕದ ತಕರಾರು ನೋಡೂ ಸರ್ಕಾರಿ ಮಂಡಳಿ) ಅರ್ಜಿ ಹಾಕೂದು ಕಲತ್ರ ಆರ್ಬಿಟ್ರೇಶನ್ ಫೈಲ್ ಹೆಂಗ ನಡೀತೈತಿ ಅನ್ನೂದು ಪೂರ್ತಿ ತಿಳೀತೈತಿ, ಊಟಕ್ಕೂ ಆಗ್ತೈತಿ. ಮತ್ತ ಮರಾಠಿ ಬರ್ಲಿಲ್ಲಂದ್ರ ಇವತ್ತಿಂದ ಸುರು ಮಾಡ್ರಿ, ಇಲ್ಲಿ ಅರ್ಧ ಪಕ್ಷಗಾರ್ರು ಸಿಟ್ಟು ಬಂದ ಕೂಡ್ಲೆ ಮರಾಠ್ಯಾಗ ಹೊರಳ್ತಾರ, ಖರೇ ಮಾತು ಅವಾಗ ಹೊರಗ ಬರ್ತಾವು.