ಕಲ್ಲಿದ್ದಲು ಒಲೆ ಹಾಕಿಸಲಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದಾಗ ನಾನು ರಾಯಚೂರಿಗೆ ಬಂದು ಎರಡು ದಿನ ಆಗಿತ್ತು. ಈಗಲೂ ಥರ್ಮಲ್ ವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ತವರುಮನೆಯಲ್ಲೇ ಕೂತು ಬರೀತಿದ್ದೀನಿ. ಮೇ ತಿಂಗಳು, ಮಟಮಟ ಮಧ್ಯಾಹ್ನ, ಕರೆಂಟು ಹೋಗಿದೆ. ಅವ್ವ ಗೋಣಿಚೀಲ ತೋಯಿಸಿ ಕಿಟಕಿಗೆ ಕಟ್ಟಿದ್ದಾಳೆ. ಮನೆ ಬೆಚ್ಚಗಿಡುವುದು ಹೇಗೆ ಅಂತ ಬರೀತಿದ್ದೀನಿ ಅಂದರೆ, "ಅಮೆರಿಕಕ್ಕೆ ಹೋಗಿನೂ ಥರ್ಮಲ್ ಡ್ಯೂಟಿ ಮಾಡ್ತೀರೇನು ನೀವು?" ಅಂತ ನಕ್ಕಳು.

ಸಿಂಧನೂರು ಬಿಟ್ಟು ಒಂದು ವರ್ಷ ಆಯಿತು, ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಹತ್ತಿರ ಹಳೇ ಮನೆ ಕೊಂಡಿದ್ದೀನಿ, ನೆಲಮಾಳಿಗೆಯಲ್ಲಿ ಮನೆ ಕಾಯಿಸುವ ಎಣ್ಣೆಯ ಫರ್ನೇಸ್ ಇದೆ, ಪಕ್ಕದಲ್ಲಿ ಕಲ್ಲಿದ್ದಲು ಹಾಕುತ್ತಿದ್ದ ಖಾಲಿ ಗೂಡೂ ಇದೆ, ಅಕ್ಕಪಕ್ಕದವರೆಲ್ಲ ಕಲ್ಲಿದ್ದಲು ಅಗ್ಗ ಅಂತಾರೆ, ಹಾಕಿಸಲಾ, ಎಷ್ಟು ತರಿಸಲಿ, ಎಲ್ಲಿಡಲಿ ಅಂತ ನಿನ್ನ ಪ್ರಶ್ನೆ.

ಲೆಕ್ಕಕ್ಕಿಂತ ಮೊದಲು ಒಂದು ಮಾತು ಹೇಳು. ಚಳಿಗಾಲದಲ್ಲಿ ದಿನಾ ಬೆಳಗ್ಗೆ, ದಿನಾ ರಾತ್ರಿ ಮನೆಯಲ್ಲಿ ಇರುವವರು ಯಾರು? ಕೈಯಿಂದ ತುಂಬುವ ಒಲೆ ಕಟ್ಟಿಹಾಕಿದ ಎಮ್ಮೆ ಇದ್ದಂಗೆ. ಹನ್ನೆರಡು ತಾಸಿಗೊಮ್ಮೆ ಮೇವು ಹಾಕಬೇಕು, ಸಗಣಿ ಬಳಿಯಬೇಕು. ಸಂಕ್ರಾಂತಿಗೆ ಊರಿಗೆ ಬರ್ತೀನಿ ಅಂದರೆ ಅದನ್ನು ನೋಡಿಕೊಳ್ಳುವವರು ಬೇಕು. ಗಂಡ ಹೆಂಡತಿ ಇಬ್ಬರೂ ದೂರದ ಕೆಲಸಕ್ಕೆ ಹೋಗುವವರಾದರೆ ಸ್ಟೋಕರ್ ಹಾಕಿಸು. ಅದು ಪೆಟ್ಟಿಗೆಯಿಂದ ತಾನೇ ಸ್ವಲ್ಪಸ್ವಲ್ಪ ಎಳೆದುಕೊಳ್ಳುತ್ತದೆ. ಆದರೆ ಅದಕ್ಕೆ ಕರೆಂಟು ಬೇಕು. ಹಿಮದ ಬಿರುಗಾಳಿಗೆ ತಂತಿ ಹರಿದರೆ ಸ್ಟೋಕರ್ ನಿಂತುಬಿಡುತ್ತದೆ, ಕೈ ಒಲೆ ಉರಿಯುತ್ತಲೇ ಇರುತ್ತದೆ. ನಾವು ಕೈ ಒಲೆ ಇಟ್ಟುಕೊಂಡದ್ದು ಅದಕ್ಕೇ. 1720 ಮೆಗಾವಾಟ್ ಥರ್ಮಲ್ ಮಗ್ಗಲಲ್ಲೇ ಲಾಟೀನು ಹಚ್ಚಿ ಓದಿದವಳು ನಾನು, ಕರೆಂಟನ್ನು ನಂಬುವುದು ಕಷ್ಟ. ಏನೇ ಹಾಕಿಸು, ಎಣ್ಣೆ ಫರ್ನೇಸ್ ಮಾತ್ರ ಕಿತ್ತುಹಾಕಬೇಡ.

ಅಲ್ಲಿ ಸಿಗುವುದು ಆಂಥ್ರಸೈಟ್ ಅನ್ನುವ ಗಟ್ಟಿ ಕಲ್ಲಿದ್ದಲು. ಇಲ್ಲಿ ಥರ್ಮಲ್‌ಗೆ ವ್ಯಾಗನ್‌ಗಳಲ್ಲಿ ಬರುವ ಕಲ್ಲಿದ್ದಲಿನಂತಲ್ಲ. ಮುಟ್ಟಿದರೆ ಗಾಜಿನಂತೆ ನುಣುಪು, ಹೊಗೆ ಕಾಣದಷ್ಟು ಕಡಿಮೆ, ಉರಿ ನೀಲಿ. ಇಲ್ಲಿಯದರಲ್ಲಿ ನೂರಕ್ಕೆ 30–40 ಬೂದಿ, ಅಲ್ಲಿಯದರಲ್ಲಿ 10ರ ಆಸುಪಾಸು. ಗಾತ್ರಕ್ಕೊಂದು ಹೆಸರು. ಸ್ಟೋಕರ್‌ಗೆ 'ರೈಸ್', ಕೈ ಒಲೆಗೆ 'ನಟ್' ಅಥವಾ 'ಪೀ'. ರೈಸ್ ಅಂದಕೂಡಲೇ ಸಿಂಧನೂರಿನವನು ನೀನು ಸೋನಾಮಸೂರಿ ನೆನೆಸಿಕೊಂಡೀಯ. ಅದು ಕಡಲೆಕಾಳಿನಷ್ಟು ಇರುತ್ತದೆ. ನಟ್ ಅಂದರೆ ನಿಂಬೆಹಣ್ಣು. ಒಲೆಗೆ ಯಾವುದು ಅಂತ ಬರೆದಿರುತ್ತಾರೋ ಅದನ್ನೇ ಹಾಕು, ಅಗ್ಗ ಸಿಕ್ಕಿತು ಅಂತ ಬೇರೆ ತರಬೇಡ.

ಇನ್ನು ಬೆಂಕಿ. ನಮ್ಮವರೆಲ್ಲ ಎಡವುವುದು ಇಲ್ಲಿ. ಕಟ್ಟಿಗೆ ಒಲೆಯ ಬುದ್ಧಿ ಇದಕ್ಕೆ ನಡೆಯುವುದಿಲ್ಲ. ಕುಲುಮೆಯಲ್ಲಿ ತಿದಿಯ ಗಾಳಿ ಕೆಂಡದ ಬುಡಕ್ಕೆ ನುಗ್ಗುವುದು ನೋಡಿದ್ದೀಯಲ್ಲ, ಹಂಗೇ ಇದಕ್ಕೂ ಗಾಳಿ ಜಾಲರಿಯ ಕೆಳಗಿನಿಂದಲೇ ಬರಬೇಕು. ಮೊದಲು ಒಣ ಕಟ್ಟಿಗೆಯಲ್ಲಿ ಒಳ್ಳೇ ಕೆಂಡ ಮಾಡು. ಸೀಮೆಎಣ್ಣೆ ಸುರಿಯುವ ಆಸೆ ಬೇಡವೇ ಬೇಡ. ಕೆಂಡದ ಮೇಲೆ ತೆಳ್ಳಗೆ ಕಲ್ಲಿದ್ದಲು, ಅದು ಹತ್ತಿದ ಮೇಲೆ ಇನ್ನಷ್ಟು, ಹಿಂಗೇ ಒಳಗಿನ ಇಟ್ಟಿಗೆಯ ಅಂಚಿನ ತನಕ. ತೆಳುವಾಗಿ ಉರಿಸಿ ಉಳಿಸೋಣ ಅಂದುಕೊಂಡರೆ ಆರಿಹೋಗುತ್ತದೆ. ಮೇಲಿನಿಂದ ಕೋಲು ಹಾಕಿ ಕೆದಕಬಾರದು, ಬೂದಿ ಕೆಂಡಕ್ಕೆ ಬೆರೆತು ಉಸಿರು ಕಟ್ಟುತ್ತದೆ. ಕೆಳಗಿನ ಹಿಡಿ ಹಿಡಿದು ಜಾಲರಿ ಅಲ್ಲಾಡಿಸು. ಬೂದಿ ತಟ್ಟೆಯಲ್ಲಿ ಕೆಂಪು ಕಿಡಿ ಬೀಳತೊಡಗಿದ ಗಳಿಗೆ ಕೈ ಬಿಡು.

ಹೊಸದು ಹಾಕುವಾಗ ಪೂರಾ ಮುಚ್ಚಬೇಡ, ಒಂದು ಮೂಲೆಯಲ್ಲಿ ಕೆಂಡ ಕಾಣುತ್ತಿರಲಿ. ನಮ್ಮ ಮೊದಲ ಚಳಿಗಾಲದಲ್ಲಿ ನಿದ್ದೆಗಣ್ಣಲ್ಲಿ ಎರಡು ಬಕೆಟ್ ಒಮ್ಮೆಗೇ ಸುರಿದು ಬಾಗಿಲು ಹಾಕಿ ಮೆಟ್ಟಿಲು ಹತ್ತುತ್ತಿದ್ದೆ. ಹಿಂದಿನಿಂದ 'ಧಬ್' ಅಂತು. ಒಲೆಯ ಬಾಗಿಲು ಹಾರಿ ತೆರೆದುಕೊಂಡಿತ್ತು, ಒಣಗಲು ಹಾಕಿದ್ದ ಬಟ್ಟೆ ಮೇಲೆಲ್ಲ ಬೂದಿ. ಹೊಸ ಕಲ್ಲಿದ್ದಲು ಬಿಡುವ ಅನಿಲಕ್ಕೆ ಹತ್ತಿಕೊಳ್ಳಲು ಉರಿ ಸಿಗದೆ ಒಳಗೇ ತುಂಬಿ, ಆಮೇಲೆ ಒಮ್ಮೆಗೇ ಹತ್ತಿತ್ತು. ಮೂಲೆಯ ಕೆಂಡ ತಪ್ಪಿಸುವುದು ಇದನ್ನೇ.

ಹಗೇವು ನೆನಪಿದೆಯಾ? ನೆಲದೊಳಗಿನ ಜೋಳದ ಹಗೇವು ತೆಗೆದಾಗ ಕೆಟ್ಟ ಗಾಳಿ ಇದೆಯಾ ಅಂತ ಮೊದಲು ದೀಪ ಇಳಿಸಿ, ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಒಲೆಯಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಆ ಪರೀಕ್ಷೆ ನಡೆಯುವುದಿಲ್ಲ. ದೀಪ ಉರಿಯುತ್ತಲೇ ಇರುತ್ತದೆ, ಮಲಗಿದವರು ಏಳುವುದಿಲ್ಲ. ವಾಸನೆಯೂ ಇಲ್ಲ. ಅದಕ್ಕೇ ನೆಲಮಾಳಿಗೆಗೊಂದು, ಮಲಗುವ ಕೋಣೆಗಳ ಹತ್ತಿರ ಒಂದು ಅಲಾರಾಂ, ಬ್ಯಾಟರಿಯದು. ಒಲೆಗಿಂತ ಮೊದಲು ಅದನ್ನು ಕೊಳ್ಳು. ಚಿಮಣಿಯನ್ನು ಬಲ್ಲವರಿಂದ ನೋಡಿಸು, ಕೊಳವೆಗೆ ಗಾಳಿಯ ಎಳೆತ ಹದವಾಗಿಡಲು ತಾನೇ ತೆರೆದು ಮುಚ್ಚುವ ಬ್ಯಾರೊಮೆಟ್ರಿಕ್ ಡ್ಯಾಂಪರ್ ಹಾಕಿಸು, ಮನೆ ವಿಮೆಯವರಿಗೆ ತಿಳಿಸು. ನಡುವೆ ನಾಲ್ಕು ದಿನ ಸೆಕೆ ಬಂದರೆ ಚಿಮಣಿಯ ಎಳೆತ ಸಡಿಲವಾಗುತ್ತದೆ. ಆಗ ಹಟ ಮಾಡದೆ ಒಲೆ ಆರಿಸಿ ಎಣ್ಣೆ ಫರ್ನೇಸ್ ಹಚ್ಚು.

ಇಡುವುದು ಸುಲಭ. ಅಲ್ಲಿಯ ಟನ್ 2000 ಪೌಂಡ್, ಅಂದರೆ 907 ಕೆಜಿ, ಸುಮಾರು 40 ಘನ ಅಡಿ ಜಾಗ. ನಮ್ಮ ಮನೆಗೆ ಚಳಿಗಾಲಕ್ಕೆ 4 ಟನ್ ಬೇಕು, 8 ಅಡಿ ಉದ್ದ, 4 ಅಡಿ ಅಗಲ, 5 ಅಡಿ ಎತ್ತರದ ಗೂಡು ತುಂಬುತ್ತದೆ. ಹಲಗೆ ದಪ್ಪ ಇರಲಿ, ತೂಕಕ್ಕೆ ಉಬ್ಬುತ್ತದೆ. ಆಂಥ್ರಸೈಟ್ ನೀರಿಗೆ ಕೆಡುವುದಿಲ್ಲ, ತಾನೇ ಹೊತ್ತಿಕೊಳ್ಳುವ ಭಯವೂ ಇಲ್ಲವೆನ್ನುವಷ್ಟು. ಅಂಗಳದಲ್ಲೂ ರಾಶಿ ಹಾಕಬಹುದು, ಆದರೆ ತೋಯ್ದದ್ದು ಹಿಮಕ್ಕೆ ಹೆಪ್ಪುಗಟ್ಟಿದರೆ ಸಲಿಕೆ ಇಳಿಯುವುದಿಲ್ಲ. ಒಳಗೆ ಧೂಳು ಏಳದಂತೆ ತುಸು ನೀರು ಚಿಮುಕಿಸು. ಕಣದಲ್ಲಿ ರಾಶಿ ಮಾಡುವ ಮುಂಚೆ ನಿಮ್ಮಪ್ಪ ಚಿಮುಕಿಸುತ್ತಿದ್ದರಲ್ಲ, ಅಷ್ಟೇ.

ದಿನಕ್ಕೆ 20 ಕೆಜಿ ಉರಿದರೆ ಎರಡು ಕೆಜಿಗೂ ಮೇಲೆ ಬೂದಿ. ತಣ್ಣಗಿದೆ ಅಂತ ಕಂಡರೂ ಒಳಗೆ ಕಿಡಿ ದಿನಗಟ್ಟಲೆ ಇರುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಿ, ಮರದ ಜಗಲಿಯಿಂದ ದೂರ. ಬೇಸಿಗೆ ಬಂದಕೂಡಲೇ ಒಲೆ, ಕೊಳವೆ ಎಲ್ಲ ಗುಡಿಸು. ಬೂದಿಯ ಗಂಧಕ ನೆಲಮಾಳಿಗೆಯ ತೇವ ಕುಡಿದು ತಗಡು ತಿನ್ನುತ್ತದೆ. ಎರಡನೇ ಬೇಸಿಗೆಯಲ್ಲಿ ನಮ್ಮ ಕೊಳವೆಗೆ ಬೆರಳು ತೂರುವಷ್ಟು ತೂತು ಬಿದ್ದಿತ್ತು.

ಬೇಸಿಗೆಯಲ್ಲಿ ಟ್ರಕ್ಕಿನವರಿಗೆ ಬಿಡುವು ಇರುತ್ತದೆ. ಗೂಡು ಗಟ್ಟಿಯಿದ್ದರೆ ಜೂನ್‌ನಲ್ಲೇ ಫೋನ್ ಮಾಡು, ಅಕ್ಟೋಬರ್ ತನಕ ಕಾಯಬೇಡ. ಫೋನ್ ಮಾಡುವ ಮುಂಚೆ ಗೂಡಿನ ಕಿಟಕಿ ರಸ್ತೆಯಿಂದ ಎಷ್ಟು ಅಡಿ ಅಂತ ಅಳತೆ ತೆಗೆದುಕೋ. ಕಲ್ಲಿದ್ದಲು ಇಳಿಸುವ ಅವರ ತಗಡಿನ ಜಾರುಬಂಡಿ ಅಲ್ಲಿಗೆ ಮುಟ್ಟದಿದ್ದರೆ ನಾಲ್ಕು ಟನ್ನೂ ನೀನೇ ಬಕೆಟ್‌ನಲ್ಲಿ ಹೊರಬೇಕಾಗುತ್ತದೆ.