ಎರಡು ಚೆಂಡಿನ ಒಂಟಿ ಆಟ

"ಮೇಡಂ, ನಮ್ಮ ಅಪ್ಪಾಜಿಗೆ ತಲೆ ಕೆಟ್ಟಿದೆಯೋ ಇಲ್ವೋ, ಅದೊಂದು ಹೇಳಿಬಿಡಿ" ಎಂದು ಮಗ ಮೊಬೈಲನ್ನು ನನ್ನ ಮುಂದಿಟ್ಟ. ಬೀಳು ಬಿದ್ದ ಗದ್ದೆ. ತಲೆಗೆ ಟವೆಲ್ ಸುತ್ತಿಕೊಂಡ ಹಿರಿಯರೊಬ್ಬರು ಗಾಲ್ಫ್ ಕೋಲು ಬೀಸುತ್ತಾರೆ. ಚೆಂಡು ಹಾರಿದ ಮೇಲೆ ಪಕ್ಕಕ್ಕೆ ತಿರುಗಿ ಏನೋ ಹೇಳಿ ನಗುತ್ತಾರೆ. ಪಕ್ಕದಲ್ಲಿ ಯಾರೂ ಇಲ್ಲ. ಬದುವಿನ ಮರೆಯಲ್ಲಿ ನಿಂತು ತೆಗೆದ ವಿಡಿಯೊ ಅದು.

ನಾನು ಆಪ್ತಸಮಾಲೋಚಕಿ. ಆ ಹಿರಿಯರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ನೌಕರಿ ಮುಗಿಸಿ, ದಾವಣಗೆರೆಯ ಮಗನ ಮನೆಗೆ ಬಂದವರು. ಊರಾಚೆ ಅಣ್ಣನ ಗದ್ದೆ ಇದೆ. ಭದ್ರಾ ನಾಲೆಯ ನೀರು ಕೊನೆಯ ಹೊಲಗಳಿಗೆ ಸರಿಯಾಗಿ ಮುಟ್ಟುವುದಿಲ್ಲ, ಹಾಗಾಗಿ ಬೀಳು. ಅಲ್ಲಿ ಆರು ಕುಳಿ ತೋಡಿ, ಒಂದೊಂದರಲ್ಲೂ ಹಳೆಯ ಡಬ್ಬ ಹೂತಿದ್ದರು. "ಕುಳಿಯ ಅಗಲ 108 ಮಿಲಿಮೀಟರ್ ಇರಬೇಕು ಮೇಡಂ, ನಮ್ಮ ಅಷ್ಟೋತ್ತರದ ಲೆಕ್ಕ" ಎಂದು ಮೊದಲ ದಿನವೇ ನಗಿಸಿದರು.

ಒಬ್ಬರೇ ಇರುತ್ತಾರೆ ಎಂಬ ಒಂದೇ ದೂರು ಹೊತ್ತು ಮಕ್ಕಳು ತಂದೆಯನ್ನು ಕರೆತಂದದ್ದು ಈ ವರ್ಷ ಇದು ಮೂರನೇ ಸಲ. ನಮ್ಮೂರಲ್ಲಿ ಮಂಡಕ್ಕಿ, ಮಿರ್ಚಿ ತಿನ್ನುವುದಕ್ಕೂ ನಾಲ್ಕು ಜನ ಬೇಕು. ಒಬ್ಬರೇ ಕೂತರೆ "ಯಾಕ್ರೀ, ಹುಷಾರಿಲ್ವಾ?" ಎನ್ನುತ್ತಾರೆ. ಗಾಲ್ಫಿನಲ್ಲೂ ಹೀಗೇ ಅಂತೆ. ಹಳೆಯ ನಿಯಮ ಪುಸ್ತಕದಲ್ಲಿ ಒಂಟಿ ಆಟಗಾರನಿಗೆ ಮೈದಾನದಲ್ಲಿ ಹಕ್ಕೇ ಇರಲಿಲ್ಲವಂತೆ, ಹಿಂದೆ ಯಾರು ಬಂದರೂ ದಾರಿ ಬಿಡಬೇಕಿತ್ತು. ಒಬ್ಬರೇ ಆಡಿದ ಸ್ಕೋರನ್ನು ಹ್ಯಾಂಡಿಕ್ಯಾಪ್, ಅಂದರೆ ಆಟಗಾರನ ಮಟ್ಟ ಅಳೆಯುವ ಅಂಕದ, ಲೆಕ್ಕಕ್ಕೆ ಹಿಡಿಯುವುದನ್ನು ಅಮೆರಿಕದ ಗಾಲ್ಫ್ ಸಂಸ್ಥೆ 2016ರಲ್ಲಿ ನಿಲ್ಲಿಸಿತು. ನೋಡಿದವರು ಒಬ್ಬರಾದರೂ ಬೇಕು. ಇದೆಲ್ಲ ಅವರೇ ಹೇಳಿದ್ದು.

ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ನಿದ್ದೆ ಸರಿಯಿತ್ತು, ಊಟ ಸೇರುತ್ತಿತ್ತು, ಮರೆವಿನ ಲಕ್ಷಣ ಇರಲಿಲ್ಲ, ಬದುಕು ಸಾಕು ಎಂಬ ಮಾತೂ ಬರಲಿಲ್ಲ. ಇವುಗಳಲ್ಲಿ ಒಂದು ಎರಡು ವಾರಕ್ಕಿಂತ ಜಾಸ್ತಿ ಕೆಟ್ಟಿದ್ದರೂ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಉಳಿದದ್ದು ಆ ಮಾತುಕತೆ. ಪಕ್ಕದಲ್ಲಿ ಇಲ್ಲದವರ ದನಿ ಕೇಳಿಸುತ್ತಿದ್ದರೆ ಅದು ಬೇರೆಯೇ ವಿಷಯ. ಹಾಗಾಗಿ ಮೂರನೇ ಭೇಟಿಯಲ್ಲಿ ನೇರವಾಗಿ ಕೇಳಿದೆ.

"ಯಾರ ಜೊತೆ ಮಾತಾಡ್ತೀರಿ?"

ಸ್ನೇಹಿತನ ಜೊತೆ ಎಂದರು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಭಾನುವಾರ ಬೆಳಗ್ಗೆ ಜೊತೆಗೆ ಆಡಿದವನು. ಈಗ ಮಾತಿಲ್ಲ.

"ಅವರು ಉತ್ತರ ಕೊಡ್ತಾರಾ?"

"ಅವನು ಉತ್ತರ ಕೊಟ್ಟಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ ಮೇಡಂ?"

ನನ್ನ ಅರ್ಧ ಭಯ ಅಲ್ಲೇ ಇಳಿಯಿತು. ಅವರು ದಿನಾ ಎರಡು ಚೆಂಡು ಒಯ್ಯುತ್ತಿದ್ದರು. ಒಂದು ತಮ್ಮದು, ಇನ್ನೊಂದು ಅವನದು. ಎರಡನ್ನೂ ತಾವೇ ಹೊಡೆದು, ಲೆಕ್ಕ ಬೇರೆ ಬೇರೆ ಬರೆಯುತ್ತಿದ್ದರು. ಯಾರು ಗೆಲ್ಲುತ್ತಾರೆ ಎಂದೆ. "ಅವನೇ" ಎಂದರು. ಯಾವಾಗಲೂನಾ ಎಂದೆ. ತಲೆಯಾಡಿಸಿದರು.

"ಎರಡೂ ನೀವೇ ಹೊಡೆಯೋದಲ್ವಾ?"

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವನ ಚೆಂಡು ಕೆಟ್ಟ ಕಡೆ ಬಿದ್ರೆ ಕಾಲಲ್ಲಿ ಸರಿಸ್ತೀನಿ" ಎಂದರು.

ಜಗಳವಾಗಿದ್ದೇ ಆ ಕಾಲಿಗಾಗಿ. ಆರು ವರ್ಷದ ಹಿಂದೆ ಪೊದೆಯ ಬದಿಗೆ ಬಿದ್ದ ಚೆಂಡನ್ನು ಸ್ನೇಹಿತ ಕಾಲಲ್ಲಿ ಸರಿಸಿದ ಎಂದು ಇವರು ನಾಲ್ಕು ಜನರ ಮುಂದೆ ಹೇಳಿದರು. ಅವನು ಚೀಲ ಎತ್ತಿಕೊಂಡು ಹೋದವನು ತಿರುಗಿ ಬರಲಿಲ್ಲ. "ನಾನು ಕಣ್ಣಾರೆ ನೋಡಿರಲಿಲ್ಲ ಮೇಡಂ. ಸರಿಸಿರಬೇಕು ಅನ್ನಿಸ್ತು, ಅಂದುಬಿಟ್ಟೆ."

"ಒಂದು ಫೋನ್ ಮಾಡಿ ಸಾರಿ ಕೇಳಿಬಿಡಿ" ಎಂಬ ಮಾತು ನನ್ನ ಬಾಯಿಗೂ ಬಂತು. ಹೇಳಲಿಲ್ಲ. ನಮ್ಮ ಎದೆ ಹಗುರ ಮಾಡಿಕೊಳ್ಳಲು ಕೇಳುವ ಕ್ಷಮೆ ಎಷ್ಟೋ ಸಲ ಆ ಕಡೆಯವರಿಗೆ ಹೊರೆ. ಅವರು ಕ್ಷಮಿಸದಿದ್ದರೆ ಮತ್ತೆ ಕೆಟ್ಟವರಾಗುತ್ತಾರೆ. ಇದು ನನ್ನ ಹಟ ಎನ್ನುವವರಿದ್ದಾರೆ, ಅನ್ನಲಿ. ಈ ಹಿರಿಯರು ಆ ಸ್ನೇಹಿತನನ್ನು ಮೊದಲು ಕಳ್ಳ ಮಾಡಿದರು, ಈಗ ಪ್ರತಿದಿನ ಗೆಲ್ಲಿಸಿ ದೇವರು ಮಾಡುತ್ತಿದ್ದರು. ಎರಡರಲ್ಲೂ ಆ ಮನುಷ್ಯ ಇಲ್ಲ.

ಬಿದ್ದ ಜಾಗದಿಂದಲೇ ಚೆಂಡು ಆಡಬೇಕು ಎಂಬುದು ಅವರ ಆಟದ ಮೂಲ ನಿಯಮ. ಅದನ್ನೇ ಹಿಡಿದೆ. "ಒಬ್ಬರೇ ಆಡಿ, ಎರಡು ಚೆಂಡೂ ಇರಲಿ, ಮಾತೂ ಆಡಿ. ಆದರೆ ಎರಡು ವಾರ ಅವರ ಚೆಂಡು ಮುಟ್ಟಬೇಡಿ. ಮುಳ್ಳಿಗೆ ಬಿದ್ದರೆ ಮುಳ್ಳಿಂದಲೇ ಹೊಡೆಯಿರಿ." ಮಗನಿಗೆ ಹೇಳಿದ್ದು ಇನ್ನೂ ಚಿಕ್ಕದು: ವಿಡಿಯೊ ಅಳಿಸು, ಕದ್ದು ನೋಡಬೇಡ. ವಾಕಿಂಗ್ ಗುಂಪಿಗೆ ಸೇರಿಸೋಣವೇ ಎಂದು ಸೊಸೆ ಕೇಳಿದ್ದಕ್ಕೆ ಬೇಡ ಎಂದೆ.

"ಭ್ರಮೆಗೆ ನೀರೆರೆದೆಯಲ್ಲ" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಬೈದರು. ಸ್ನೇಹಿತ ಅಲ್ಲಿಲ್ಲ ಎಂದು ಇವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದು ಆಡುವುದು ಭ್ರಮೆಯಲ್ಲ. ಆದರೂ ಆ ಎರಡು ವಾರ ನನಗೆ ನೆಮ್ಮದಿ ಇರಲಿಲ್ಲ. ಎರಡನೇ ವಾರ ಅವರ ನಿದ್ದೆ ಕೆಟ್ಟಿತು. ಸೊಸೆಗೆ ಫೋನ್ ಮಾಡಿ, ಏನಾದರೂ ಹೆಚ್ಚುಕಮ್ಮಿ ಅನ್ನಿಸಿದರೆ ನನಗೆ ಹೇಳಿ, ನಾನು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾಡಿ ಎಂದಿದ್ದೆ. ಆ ನಂಬರು ಎಲ್ಲರ ಫೋನಿನಲ್ಲೂ ಇರಲಿ, ಹೊತ್ತಲ್ಲದ ಹೊತ್ತಿನಲ್ಲೂ ಎತ್ತುತ್ತಾರೆ.

ಮೂರನೇ ವಾರ ಬಂದರು. ಕಣ್ಣು ಊದಿತ್ತು.

"ಸೋತ ಮೇಡಂ. ಮೂರು ದಿನ ಸಾಲಾಗಿ ಸೋತ. ಸೋತರೆ ಅವನು ಎಂಥಾ ಮುಖ ಮಾಡ್ತಿದ್ದ ಅನ್ನೋದು ನನಗೆ ಮರ್ತೇ ಹೋಗಿತ್ತು."

ಸ್ನೇಹಿತನಿಗೆ ಫೋನ್ ಮಾಡಿದರೋ ಇಲ್ಲವೋ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಭೇಟಿಗಳನ್ನು ತಿಂಗಳಿಗೊಮ್ಮೆ ಮಾಡಿದ್ದೇವೆ. ಮೊನ್ನೆ ಮಗ ಫೋನ್ ಮಾಡಿದ್ದ.

"ಮೇಡಂ, ಈಗ ಒಂದೇ ಚೆಂಡು ಒಯ್ತಾರೆ. ಆದ್ರೆ ಇನ್ನೂ ಒಬ್ಬರೇ ಹೋಗ್ತಾರೆ."

"ಹೋಗಲಿ ಬಿಡಪ್ಪ."

"ಮಾತೂ ಆಡ್ತಾರೆ. ಬದುವಿನ ತನಕ ಕೇಳುತ್ತೆ."

"ಯಾರ ಜೊತೆ?"

"ಚೆಂಡಿಗೆ ಬೈತಾರೆ ಮೇಡಂ."

ನೀನು ಬದುವಿನ ಹತ್ತಿರ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಫೋನ್ ಇಟ್ಟುಬಿಟ್ಟ.